ಇ-ಕ್ಯಾಡ್‌ಹೆರಿನ್ ವೆಸ್ಟರ್ನ್‌ನಲ್ಲಿ ಕಾಣುತ್ತದೆ, ಫ್ಲೋದಲ್ಲಿ ಕಾಣುವುದಿಲ್ಲ. ಆಂಟಿಬಾಡಿ ಹಾಳಾಗಿದೆಯಾ?

ದೇರಳಕಟ್ಟೆ_ಕಲ್ಚರ್:
ಎಲ್ಲರಿಗೂ ನಮಸ್ಕಾರ. ಎಂಸಿಎಫ್-7 (ಸ್ತನ ಕ್ಯಾನ್ಸರ್) ಕೋಶಗಳ ಮೇಲ್ಮೈಯಲ್ಲಿ ಕೋಶಗಳನ್ನು ಅಂಟಿಸುವ ಪ್ರೋಟೀನ್ ಇ-ಕ್ಯಾಡ್‌ಹೆರಿನ್ ಎಷ್ಟಿದೆ ಎಂದು ಫ್ಲೋ ಸೈಟೋಮೀಟರ್‌ನಲ್ಲಿ (ಒಂದೊಂದೇ ಕೋಶದ ಹೊಳಪು ಅಳೆಯುವ ಯಂತ್ರ) ನೋಡಬೇಕು. ಅದನ್ನು ಹಿಡಿದು ತೋರಿಸುವ ಆಂಟಿಬಾಡಿ ಇಲಿಯದ್ದು, ಕ್ಲೋನ್ 36 (ಆಂಟಿಬಾಡಿ ತಳಿಯ ಹೆಸರು). ಅದೇ ವಯಲ್‌ನಿಂದ ವೆಸ್ಟರ್ನ್ (ಒಡೆದ ಕೋಶದ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವಿಧಾನ) ಮಾಡಿದರೆ 120 ಕಿಲೋಡಾಲ್ಟನ್ ಹತ್ತಿರ ಚಂದದ ಬ್ಯಾಂಡ್ ಬರುತ್ತದೆ. ಫ್ಲೋದಲ್ಲಿ ಮಾತ್ರ ಪೀಕ್ ಐಸೋಟೈಪ್ ಕಂಟ್ರೋಲ್ (ಅದೇ ವರ್ಗದ, ಆದರೆ ಈ ಪ್ರೋಟೀನನ್ನು ಹಿಡಿಯದ ಆಂಟಿಬಾಡಿ) ಮೇಲೇ ಕೂತಿರುತ್ತದೆ. ಒಂದು ಸಣ್ಣ ಗುಂಪು ಹೊಳೆಯುತ್ತದೆ, ಆದರೆ ಅವೆಲ್ಲ 7-ಎಎಡಿ ಬಣ್ಣ ಹೀರಿಕೊಂಡ ಸತ್ತ ಕೋಶಗಳು.

ಪ್ಲೇಟಿನಿಂದ ಕೋಶ ಬಿಡಿಸುವುದು 0.25% ಟ್ರಿಪ್ಸಿನ್-ಇಡಿಟಿಎಯಿಂದ (ಪ್ರೋಟೀನ್ ಕತ್ತರಿಸುವ ಕಿಣ್ವ ಮತ್ತು ಕ್ಯಾಲ್ಸಿಯಂ ಹಿಡಿಯುವ ರಾಸಾಯನಿಕ). ಆಮೇಲೆ ಪಿಬಿಎಸ್‌ನಲ್ಲಿ ತೊಳೆದು ಐಸ್ ಮೇಲೆ ಸ್ಟೇನ್ ಮಾಡುತ್ತೇವೆ. ಮಳೆಗೆ ಘಾಟಿ ರಸ್ತೆ ಬಂದ್ ಆಗಿ ಪಾರ್ಸೆಲ್ ಬೆಂಗಳೂರಿನಿಂದ ತಡವಾಗಿ ಬಂದಿತ್ತು. ದಾರಿಯಲ್ಲೇ ಹಾಳಾಯಿತಾ? ಹೊಸದು ತರಿಸಬೇಕಾ?

ಮಣಿಪಾಲ_ಫ್ಲೋ:
ಸ್ವಲ್ಪ ನಿಲ್ಲಿ ಮಾರಾಯ್ರೆ, ಆರ್ಡರ್ ಹಾಕಬೇಡಿ. ಬ್ಯಾಂಡ್ ಬರುತ್ತಿದೆ ಅಂದ ಮೇಲೆ ಆಂಟಿಬಾಡಿ ಕೆಲಸ ಮಾಡುತ್ತಿದೆ. ಸುಳಿವು ನಿಮ್ಮ ಪ್ರಶ್ನೆಯಲ್ಲೇ ಉಂಟು: ಸತ್ತ ಕೋಶಗಳು ಮಾತ್ರ ಹೊಳೆಯುತ್ತವೆ, ಅಲ್ವಾ?

ಕ್ಲೋನ್ 36 ಹಿಡಿಯುವುದು ಈ ಪ್ರೋಟೀನಿನ ಒಳತುದಿಯನ್ನು, ಅಂದರೆ ಕೋಶದ್ರವದ ಕಡೆ ಇರುವ ಭಾಗವನ್ನು. ಬದುಕಿರುವ ಕೋಶದ ಪೊರೆ ದಾಟಿ ಆಂಟಿಬಾಡಿ ಒಳಗೆ ಹೋಗುವುದಿಲ್ಲ. ಸತ್ತ ಕೋಶದ ಪೊರೆ ತೂತಾಗಿರುತ್ತದೆ, ಅಲ್ಲಿ ಹೋಗುತ್ತದೆ. ವೆಸ್ಟರ್ನ್‌ನಲ್ಲಂತೂ ಕೋಶವನ್ನೇ ಒಡೆದಿರುತ್ತೀರಿ, ಅಲ್ಲಿ ಒಳಗೆ ಹೊರಗೆ ಎಂಬುದೇ ಇಲ್ಲ.

ಆದರೆ ಸತ್ತ ಕೋಶ ಸಿಕ್ಕ ಆಂಟಿಬಾಡಿಯನ್ನೆಲ್ಲ ಸುಮ್ನೆ ಅಂಟಿಸಿಕೊಳ್ಳುವುದೂ ಉಂಟು. ಹಾಗಾಗಿ ಪರೀಕ್ಷಿಸಿ ನೋಡಿ. ಅರ್ಧ ಕೋಶಗಳನ್ನು 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಪೊರೆ ತೂತು ಮಾಡಲು 0.1% ಸಪೋನಿನ್ ಹಾಕಿ ಸ್ಟೇನ್ ಮಾಡಿ. ಇನ್ನರ್ಧ ಹಾಗೇ ಇರಲಿ. ಎರಡಕ್ಕೂ ಐಸೋಟೈಪ್ ಕಂಟ್ರೋಲ್ ಬೇಕು.

ನಮ್ಮಲ್ಲಿ ಎಚ್‌ಇಸಿಡಿ-1 ಕ್ಲೋನ್ ಉಂಟು. ಅದು ಹೊರಭಾಗವನ್ನು ಹಿಡಿಯುತ್ತದೆ. ಅದೂ ಇಲಿಯದ್ದೇ, ನಿಮ್ಮ ಸೆಕೆಂಡರಿ (ಇಲಿಯ ಆಂಟಿಬಾಡಿಯನ್ನು ಹಿಡಿಯುವ, ಬಣ್ಣ ಕಟ್ಟಿದ ಎರಡನೇ ಆಂಟಿಬಾಡಿ) ನಡೆಯುತ್ತದೆ. ಐಸೋಟೈಪ್ ಮಾತ್ರ ಇಲಿಯ ಐಜಿಜಿ1 ವರ್ಗದ್ದೇ ಆಗಬೇಕು. ಸ್ವಲ್ಪ ಕೊಡುತ್ತೇನೆ, ಬಂದು ಒಯ್ಯಿರಿ. ಬಸ್ಸಿನಲ್ಲಿ ಒಯ್ಯುವಾಗ ಟ್ಯೂಬನ್ನು ಐಸ್ ಪ್ಯಾಕಿಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಬಾರದು. ಮುಂದೆ ಪಿಇ ಅಥವಾ ಎಪಿಸಿ ಬಣ್ಣ ಕಟ್ಟಿದ ಆಂಟಿಬಾಡಿ ತರಿಸಿದರೆ ಅದನ್ನಂತೂ ಫ್ರೀಜರಿಗೆ ಹಾಕಲೇಬೇಡಿ.

ಸುರತ್ಕಲ್_ಕಡಲು:
ಕ್ಲೋನ್ ಬದಲಿಸಿದರಷ್ಟೇ ಸಾಲದು. ನನಗೆ ಹೆಚ್ಚು ಚಿಂತೆ ಇರುವುದು ಟ್ರಿಪ್ಸಿನ್-ಇಡಿಟಿಎ ಬಗ್ಗೆ.

ಇ-ಕ್ಯಾಡ್‌ಹೆರಿನ್‌ನ ಹೊರಭಾಗದಲ್ಲಿ 5 ತುಂಡುಗಳು ಸಾಲಾಗಿವೆ. ನಡುನಡುವೆ ಕ್ಯಾಲ್ಸಿಯಂ ಕೂತು ಅವನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಕ್ಯಾಲ್ಸಿಯಂ ಇರುವವರೆಗೆ ಟ್ರಿಪ್ಸಿನ್‌ಗೆ ಅದನ್ನು ಕತ್ತರಿಸುವುದು ಕಷ್ಟ. ಇಡಿಟಿಎ ಆ ಕ್ಯಾಲ್ಸಿಯಂ ಅನ್ನೇ ಕಿತ್ತುಕೊಳ್ಳುತ್ತದೆ, ಆಗ ಟ್ರಿಪ್ಸಿನ್ ಸಲೀಸಾಗಿ ಕತ್ತರಿಸುತ್ತದೆ. ಜಪಾನಿನ ಮಾಸಾತೋಶಿ ತಾಕೇಯಿಚಿ 1977ರಲ್ಲಿ ಕ್ಯಾಲ್ಸಿಯಂ ಬೇಕಾಗುವ ಈ ಅಂಟುವಿಕೆಯನ್ನು ಗುರುತಿಸಿದ್ದೂ ಟ್ರಿಪ್ಸಿನ್ ಪ್ರಯೋಗಗಳಿಂದಲೇ. ಬೇರೆ ಎಷ್ಟೋ ಪ್ರೋಟೀನ್‌ಗೆ ಈ ದ್ರಾವಣ ಏನೂ ಮಾಡದು. ಇದಕ್ಕೆ ಮಾತ್ರ ಬೇಡವೇ ಬೇಡ.

ಟ್ರಿಪ್ಸಿನ್ ಬಿಟ್ಟು, ಪಿಬಿಎಸ್‌ನಲ್ಲಿ 2 ಮಿಲಿಮೋಲಾರ್ ಇಡಿಟಿಎ ಮಾತ್ರ ಹಾಕಿ 37 ಡಿಗ್ರಿಯಲ್ಲಿ ಬಿಡಿಸಿ. ನಿಧಾನ ಆಗುತ್ತದೆ, ಮೆಲ್ಲನೆ ಪಿಪೆಟ್ ಮಾಡಬೇಕು. 0.01% ಟ್ರಿಪ್ಸಿನ್ ಜೊತೆ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕುವ ದಾರಿಯೂ ಇದೆ. ಆದರೆ ಕೋಶಗಳು ಹಾಳೆ ಹಾಳೆಯಾಗಿ ಏಳುತ್ತವೆ, ಫ್ಲೋಗೆ ಆಗುವುದಿಲ್ಲ.

ದೇರಳಕಟ್ಟೆ_ಕಲ್ಚರ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಪೋನಿನ್ ಹಾಕಿದಾಗ ಕ್ಲೋನ್ 36ರ ಪೀಕ್ ಇಡಿಯಾಗಿ ಬಲಕ್ಕೆ ಸರಿಯಿತು, ಐಸೋಟೈಪ್ ಅಲ್ಲೇ ಉಳಿಯಿತು. ಎಚ್‌ಇಸಿಡಿ-1ರಲ್ಲಿ ಟ್ರಿಪ್ಸಿನ್ ಪ್ಲೇಟ್ ಮಂಕು, ಇಡಿಟಿಎ ಪ್ಲೇಟ್ ಸ್ಪಷ್ಟ. ಇ-ಕ್ಯಾಡ್‌ಹೆರಿನ್ ಇಲ್ಲದ ಎಂಡಿಎ-ಎಂಬಿ-231 ಕೋಶಗಳನ್ನೂ ಇಟ್ಟಿದ್ದೆ, ಅವು ಕದಲಲಿಲ್ಲ. ಈಗ ಬೇರೆ ತೊಂದರೆ. ಬಫರಿಗೆ ಕ್ಯಾಲ್ಸಿಯಂ ಮತ್ತೆ ಹಾಕಿದರೆ ಕೋಶಗಳು ಗಂಟುಕಟ್ಟುತ್ತವೆ.

ಸುರತ್ಕಲ್_ಕಡಲು:
ಕೋಶಗಳನ್ನು ಒಂದಕ್ಕೊಂದು ಅಂಟಿಸುವುದೇ ಈ ಪ್ರೋಟೀನಿನ ಕೆಲಸ, ಹಾಗಾಗಿ ಗಂಟುಕಟ್ಟುತ್ತವೆ. ಚಳಿಯಲ್ಲಿ ಅಂಟುವುದು ಕಡಿಮೆ. ಕ್ಯಾಲ್ಸಿಯಂ ಹಾಕಿದ ಮೇಲೆ ಐಸ್‌ನಿಂದ ತೆಗೆಯಬೇಡಿ, ಮೆಷಿನ್‌ಗೆ ಕೊಡುವ ಮೊದಲು 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ.

ಮಣಿಪಾಲ_ಫ್ಲೋ:
ಡಬ್ಲೆಟ್ ಗೇಟ್ (ಜೋಡಿ ಕೋಶಗಳನ್ನು ಲೆಕ್ಕದಿಂದ ಬಿಡುವ ಕ್ರಮ) ಕೂಡ ಹಾಕಿ, ಎಫ್‌ಎಸ್‌ಸಿ (ಕೋಶದಿಂದ ಮುಂದಕ್ಕೆ ಚದುರುವ ಬೆಳಕು) ಏರಿಯಾ ಮತ್ತು ಹೈಟ್ ಎದುರುಬದುರು ಇಟ್ಟು. ಜೋಡಿ ಕೋಶ ಒಟ್ಟಿಗೆ ಹೋದರೆ ಹೊಳಪು ಜಾಸ್ತಿ ತೋರಿಸುತ್ತದೆ, ಪ್ರೋಟೀನ್ ಹೆಚ್ಚಿದೆ ಎಂದು ತಪ್ಪು ಲೆಕ್ಕವಾಗುತ್ತದೆ. ಥೀಸಿಸ್‌ನಲ್ಲಿ ಕ್ಲೋನ್ ಹೆಸರಿನ ಜೊತೆ ಕೋಶ ಬಿಡಿಸಿದ ಕ್ರಮವನ್ನೂ ಬರೆಯಿರಿ.