ಸಮಸ್ಯಾಪೂರಣ: ‘ಬೆಂಕಿಯಲಿ ಬೆಂದುದೇ ತಂಪನೀಯುವುದು’

ಸಮಸ್ಯೆ, ಕೋಲಾರದಿಂದ

ಸಮಸ್ಯಾಪೂರಣವೆಂದರೆ ಕೊಟ್ಟ ಒಂದು ಸಾಲಿಗೆ ಉಳಿದ ಸಾಲುಗಳನ್ನು ಕಟ್ಟಿ ಪದ್ಯ ತುಂಬಿಸುವುದು. ಈ ಬಾರಿಯ ಸಾಲು ಬೇಸಿಗೆಗೆ ಹೊಂದುವಂಥದ್ದು. ಛಂದಸ್ಸು ಪಂಚಮಾತ್ರಾ ಚೌಪದಿ. ಪ್ರತಿ ಸಾಲಿನಲ್ಲೂ ಐದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ (ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ; ದೀರ್ಘಕ್ಕೂ ಬಿಂದುವಿರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು):

ಬೆಂಕಿಯಲಿ | ಬೆಂದುದೇ | ತಂಪನೀ | ಯುವುದು

ಇದನ್ನು ನಾಲ್ಕನೆಯ ಸಾಲಾಗಿ ಇಟ್ಟುಕೊಂಡು ಮೇಲಿನ ಮೂರನ್ನು ಕಟ್ಟಿ. ಆದಿಪ್ರಾಸ, ಅಂದರೆ ಎಲ್ಲ ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರುವುದು, ಕಡ್ಡಾಯ. ಎರಡನೆಯ ಅಕ್ಷರ ‘ಕ’, ಅದರ ಹಿಂದೆ ಬಿಂದು (ಅನುಸ್ವಾರ), ಅಂದರೆ ವೃಷಭಪ್ರಾಸ. ಅಂಕೆ, ಶಂಕೆ, ಟೊಂಕ, ಸುಂಕ, ಮಂಕರಿ ಹೀಗೆ ಪದಗಳು ಬೇಕಾದಷ್ಟಿವೆ. ಬೆಂಕಿಗೂ ತಂಪಿಗೂ ಇರುವ ವಿರೋಧ ಮೇಲಿನ ಮೂರು ಸಾಲಿನಲ್ಲೇ ಬಿಡಿಸಿಕೊಳ್ಳಬೇಕು. ಅದಾಗದಿದ್ದರೆ ಛಂದಸ್ಸು ಎಷ್ಟು ಸರಿಯಿದ್ದರೂ ಪೂರಣವಾಗದು.

ಮಾಲೂರಿನಿಂದ

ಪಂಕವನು ತುಳಿತುಳಿದು ಹದಗೊಳಿಸಿ ತಟ್ಟಿ
ಡೊಂಕಿರದ ಮಡಕೆಯನು ಸುಟ್ಟು ನೀರ್ದುಂಬೆ
ಅಂಕೆಯಿರದೊಣಗಾಳಿ ಬೆವರೊರಸುತಿಹುದು
ಬೆಂಕಿಯಲಿ ಬೆಂದುದೇ ತಂಪನೀಯುವುದು

ಕೋಲಾರದಿಂದ

ಮೂರನೆಯ ಸಾಲಿಗೆ ಕೈಮುಗಿಯಬೇಕು ಮೇಷ್ಟ್ರೇ. ಮಡಕೆ ಬೆವರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ಬೆವರನ್ನು ಗಾಳಿ ಒರಸುವುದರಿಂದಲೇ ತಂಪು ಎಂಬುದನ್ನು ನೀವು ಹಿಡಿದಿದ್ದೀರಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 10 ಲೀಟರ್ ಮಡಕೆಯಿಂದ 100 ಗ್ರಾಂ ಆರಿಹೋದರೆ, ಹೊರಗಿನ ಬಿಸಿ ಒಳಗೆ ಸೇರದಿದ್ದಲ್ಲಿ, ಉಳಿದ ನೀರು ಐದಾರು ಡಿಗ್ರಿ ಇಳಿಯಬೇಕು. ಕರಾವಳಿಯ ತೇವದ ಗಾಳಿಗೆ ಒರಸಲು ಬರುವುದಿಲ್ಲ. ಅದೇ ಮಡಕೆ ಅಲ್ಲಿ ಮಂಕಾಗುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್ ಗಾಳಿಗೆ ಅದು ಸಲೀಸು.

ಕುಂಬಾರರ ಮಣ್ಣನ್ನು ‘ಪಂಕ’ ಎನ್ನುವುದು ಸ್ವಲ್ಪ ದೂರದ ಮಾತು. ಕೆಸರು ಬೇರೆ, ಜೇಡಿಮಣ್ಣು ಬೇರೆ. ಪ್ರಾಸಕ್ಕಾಗಿ ಒಪ್ಪೋಣ.

ಮಾಲೂರಿನಿಂದ

ಒಪ್ಪಿದ್ದಕ್ಕೆ ಸಂತೋಷ. ಬರಿಯ ಜೇಡಿಯಾದರೆ ಒಣಗುವಾಗಲೇ ಬಿರಿಯುತ್ತದೆ ಎಂದು ಮರಳು ಬೆರೆಸಿ ತುಳಿಯುತ್ತಾರೆ. ಆ ಮರಳಿನಿಂದಲೇ ನೀರು ಜಿನುಗಲು ದಾರಿಯೂ ಆಗುತ್ತದೆ. ಹೊಸ ಮಡಕೆಯನ್ನು ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಆ ನೀರನ್ನು ಚೆಲ್ಲಿ, ಆಮೇಲೆ ಕುಡಿಯುವ ನೀರು ತುಂಬಬೇಕು. ನೆರಳಿರಬೇಕು, ಗಾಳಿಯೂ ಆಡಬೇಕು, ಅಡಿಗೆ ಒದ್ದೆ ಮರಳಿರಬೇಕು. ಮುಚ್ಚಿದ ಅಡುಗೆಮನೆಯ ಮೂಲೆಯಲ್ಲಿಟ್ಟರೆ ತಂಪಾಗುವುದಿಲ್ಲ. ಬಣ್ಣ ಬಳಿದ ಮಡಕೆ ಬೇಡ, ಬಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬೋರ್‌ವೆಲ್ಲಿನ ಗಡಸು ನೀರು ತುಂಬಿದರೆ ಹೊರಮೈ ಮೇಲೆ ಬಿಳಿ ಉಪ್ಪು ಕಟ್ಟಿ ಕ್ರಮೇಣ ಜಿನುಗುವುದೇ ನಿಲ್ಲುತ್ತದೆ. ತೆಂಗಿನನಾರಿನಿಂದ ಬರಿ ನೀರಲ್ಲಿ ಉಜ್ಜಿ ಒಂದು ದಿನ ಬಿಸಿಲಿಗೆ ಕವುಚಿಟ್ಟರೆ ಸಾಕು. ಸೋಪು ತಾಗಿಸಬೇಡಿ, ಅದರ ವಾಸನೆ ಮಣ್ಣೊಳಗೆ ಇಳಿದರೆ ಹೋಗುವುದಿಲ್ಲ.

ಶ್ರೀನಿವಾಸಪುರದಿಂದ

ಮಂಕರಿಯ ತುಂಬ ಹಸಿಮಾವಿನೊಳಗೊಂದ
ಶಂಕೆಯಿಲ್ಲದೆ ಕೆಂಡದೊಳು ಹೂಳಿ ಕಿವುಚಿ
ಅಂಕೆಯಲಿ ಬೆಲ್ಲ ಜೀರಿಗೆ ಬೆರಸೆ ಬಾಯ್ಗೆ
ಬೆಂಕಿಯಲಿ ಬೆಂದುದೇ ತಂಪನೀಯುವುದು

ಇದು ಸುಟ್ಟ ಮಾವಿನಕಾಯಿಯ ಪಾನಕ. ‘ಕೆಂಡ’ ಎಂದದ್ದು ಬೇಕೆಂದೇ. ಜ್ವಾಲೆಗೆ ಹಿಡಿದರೆ ಸಿಪ್ಪೆ ಕರಕಾಗಿ ಓಟೆಯ ಸುತ್ತಲಿನ ತಿರುಳು ಹಸಿಯಾಗೇ ಉಳಿಯುತ್ತದೆ. ಬೂದಿ ಮುಸುಕಿದ ಕೆಂಡದಲ್ಲಿ ತಿರುಗಿಸುತ್ತ 15–20 ನಿಮಿಷ ಬಿಟ್ಟರೆ ಒತ್ತಿದಾಗ ಬೆರಳು ಒಳಕ್ಕೆ ಹೋಗುತ್ತದೆ. ತೊಟ್ಟು ಮುರಿದು ಸೊನೆ ಸುರಿಸಿ ತೊಳೆದೇ ಹೂಳಬೇಕು, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ. ಎರಡು ಮಧ್ಯಮ ಕಾಯಿಗೆ 100 ಗ್ರಾಂ ಬೆಲ್ಲ, ಒಂದು ಲೀಟರ್ ಮಡಕೆ ನೀರು, ಹುರಿದು ಕುಟ್ಟಿದ ಜೀರಿಗೆ ಒಂದು ಚಮಚ, ಚಿಟಿಕೆ ಉಪ್ಪು. ಗಿಣಿಮೂತಿ ಕಾಯಿ ಇದಕ್ಕೆ ಸಪ್ಪೆ. ಅದು ಉಪ್ಪು ಖಾರ ಹಚ್ಚಿ ತಿನ್ನಲು ಚೆನ್ನ. ಪಾನಕಕ್ಕೆ ಹುಳಿ ಬಿಗಿಯಾದ ನಾಟಿ ಕಾಯೇ ಆಗಬೇಕು.

ಗೌರಿಬಿದನೂರಿನಿಂದ

‘ತಾಟಿನುಂಗಿನ ತಿರುಳು’ ಎಂದು ಶುರುಮಾಡಿದರೆ ನಡೆಯುತ್ತದೆಯೇ?

ಕೋಲಾರದಿಂದ

ಎರಡು ಕಡೆ ತಪ್ಪುತ್ತದೆ ಅಕ್ಕ. ಎರಡನೆಯ ಅಕ್ಷರ ‘ಟ’, ಪ್ರಾಸ ಕೂಡಲಿಲ್ಲ. ಅದಕ್ಕಿಂತ ದೊಡ್ಡ ತೊಡಕು, ತಾಟಿನುಂಗು (ತಾಳೆಮರದ ಎಳೆಗಾಯಿಯ ತಿರುಳು) ಬೆಂಕಿಯನ್ನೇ ಕಂಡದ್ದಲ್ಲ. ಹುಟ್ಟಿನಿಂದ ತಂಪಾದದ್ದಕ್ಕೆ ಈ ಸಾಲು ಒಗ್ಗದು. ಆ ಪದ ಬೇರೆ ಸಮಸ್ಯೆಗೆ ಇರಲಿ, ಚೆನ್ನಾಗಿದೆ.

ಮಧುಗಿರಿಯಿಂದ

ಲಂಕೆಯಂತುರಿವೂರೊಳೊಲೆಯಲ್ಲಿ ಕುದಿಸಿ
ಸಂಕಟದ ಬೇಗೆಗಿರುಳಂಬಲಿಯನಿಟ್ಟು
ಮಂಕುತನ ಕಳೆವ ಮಜ್ಜಿಗೆ ಬೆರೆಸಿ ಕುಡಿಯಲು
ಬೆಂಕಿಯಲಿ ಬೆಂದುದೇ ತಂಪನೀಯುವುದು

ಕೋಲಾರದಿಂದ

ಏಕಶಿಲಾ ಬೆಟ್ಟದ ಬುಡದಲ್ಲಿರುವವರಿಗೆ ‘ಲಂಕೆಯಂತುರಿವೂರು’ ತಾನಾಗಿಯೇ ಬಂದಿರಬೇಕು. ಬಂಡೆ ಹಗಲೆಲ್ಲ ಕಾದು ರಾತ್ರಿಯೂ ಬಿಸಿಯುಗುಳುತ್ತದೆ. ಆದರೆ ಮೂರನೆಯ ಸಾಲು ಎಣಿಸಿ: ಮಂಕುತನ | ಕಳೆವ ಮಜ್ | ಜಿಗೆ ಬೆರೆಸಿ | ಕುಡಿಯಲು. ಕೊನೆಗೆ ನಾಲ್ಕು ಮಾತ್ರೆ ಬಂತು. ‘ಕುಡಿಯೆ’ ಎಂದರೆ ಮೂರಕ್ಕೆ ನಿಲ್ಲುತ್ತದೆ, ಅರ್ಥವೂ ಕೆಡದು.

ಮಧುಗಿರಿಯಿಂದ

ತಿದ್ದಿಕೊಂಡೆ, ‘ಕುಡಿಯೆ’ ಇರಲಿ. ಅಂಬಲಿಯ ಅಳತೆಯನ್ನೂ ಹೇಳಿಬಿಡುತ್ತೇನೆ. ಮೂರು ದೊಡ್ಡ ಚಮಚ ರಾಗಿಹಿಟ್ಟನ್ನು ಮೊದಲು ಒಂದು ಲೋಟ ತಣ್ಣೀರಲ್ಲಿ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಬಗ್ಗಿಸಿ, ಕೈಬಿಡದೆ ಎಂಟು ಹತ್ತು ನಿಮಿಷ ತಿರುಗಿಸಬೇಕು. ಹಿಟ್ಟನ್ನು ನೇರ ಬಿಸಿನೀರಿಗೆ ಉದುರಿಸಿದರೆ ಗಂಟು ಕಟ್ಟುತ್ತದೆ. ಬೇಗ ಇಳಿಸಿದರೆ ಹಸಿಹಿಟ್ಟಿನ ವಾಸನೆ ಉಳಿಯುತ್ತದೆ. ಆರಿದ ಮೇಲೆ ಮಣ್ಣಿನ ಗಡಿಗೆಗೆ ಹಾಕಿ ಬಟ್ಟೆ ಕಟ್ಟಿಡಿ. ಮಜ್ಜಿಗೆ ಬೆಳಿಗ್ಗೆಯೇ ಸೇರಬೇಕು, ಬಿಸಿಯಿರುವಾಗ ಹುಯ್ದರೆ ಒಡೆಯುತ್ತದೆ. ಜಜ್ಜಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು, ಉಪ್ಪು. ಮೇ ತಿಂಗಳ ಸೆಕೆಯಲ್ಲಿ ಕಾಯಿಸಿ ಹತ್ತು ತಾಸು ದಾಟಿದರೆ ಹುಳಿ ಮೀರುತ್ತದೆ, ಆದ್ದರಿಂದ ಸಂಜೆಗಲ್ಲ, ಮಲಗುವ ಮುಂಚೆ ಕಾಯಿಸಿ.