‘ಸ್ನೋಫ್ಲೇಕ್’ ಹೈಡ್ರೇಂಜಿಯವನ್ನು ‘ಸುತ್ತು ಹೂ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಓಕ್‌ಲೀಫ್ ಹೈಡ್ರೇಂಜಿಯದ ತಳಿಗಳನ್ನು ಹೋಲಿಸಿ ಒಂದು ಬರಹ ಮಾಡುತ್ತಿದ್ದೇನೆ. ಗಿಡದ ವಿಷಯ ಸಲೀಸಾಗಿ ಸಾಗುತ್ತಿದೆ, ಕೆಲವು ಪದಗಳು ಮಾತ್ರ ತಕರಾರು ಮಾಡುತ್ತಿವೆ. ಬಲ್ಲವರು ಹೇಳಿ.

ಈ ಗಿಡದ ಪರಿಚಯ ಇಲ್ಲದವರಿಗೆ ಎರಡು ಮಾತು. ಇದು ಅಮೆರಿಕದ ಆಗ್ನೇಯ ಭಾಗದ ಕಾಡುಪೊದೆ. ಜಾರ್ಜಿಯ, ಅಲಬಾಮ ಕಡೆಯದು. ಅಮೆರಿಕದ ಸಸ್ಯಶೋಧಕ ವಿಲಿಯಂ ಬಾರ್ಟ್ರಮ್ 1791ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಇದನ್ನು ವರ್ಣಿಸಿದ್ದಾನೆ. ಎಲೆ ಓಕ್ ಎಲೆಯ ಹಾಗೆ ಸೀಳುಸೀಳು. ಹೂಗೊಂಚಲು ಚೆಂಡಿನಂತೆ ಇರುವುದಿಲ್ಲ, ಬುಡದಲ್ಲಿ ಅಗಲವಾಗಿ ತುದಿಗೆ ಚೂಪಾಗುತ್ತದೆ. ಮಣ್ಣಿನ ಹುಳಿ ಹೆಚ್ಚಿಸಿ ಹೂವನ್ನು ನೀಲಿ ಮಾಡುವ ಆಟ ಇದರಲ್ಲಿ ನಡೆಯುವುದಿಲ್ಲ. ಅದು ದೊಡ್ಡೆಲೆ ಹೈಡ್ರೇಂಜಿಯದ ಗುಣ.

ಮೊದಲು ಸುಲಭದ್ದು. ‘ತಳಿ’ ಅನ್ನಬೇಕೋ ‘ಪ್ರಭೇದ’ ಅನ್ನಬೇಕೋ? ನನ್ನ ಮತ ತಳಿಗೆ. ಪ್ರಭೇದವನ್ನು ಜೀವಶಾಸ್ತ್ರದವರು ಆಗಲೇ ಬೇರೆ ಅರ್ಥಕ್ಕೆ ಹಿಡಿದುಕೊಂಡಿದ್ದಾರೆ. ಅವರ ಲೆಕ್ಕದಲ್ಲಿ ಓಕ್‌ಲೀಫ್ ಹೈಡ್ರೇಂಜಿಯ ಇಡಿಯಾಗಿ ಒಂದೇ ಪ್ರಭೇದ. ‘ಆಲಿಸ್’, ‘ಪೀ ವೀ’, ‘ಸ್ನೋ ಕ್ವೀನ್’ ಎಲ್ಲ ಅದರೊಳಗಿನ ತಳಿಗಳು. ಹೆಸರುಗಳನ್ನೂ ಕನ್ನಡಿಸುವ ಆಸೆ ಕೆಲವರಿಗೆ ಇರುತ್ತದೆ. ‘ಹಿಮರಾಣಿ’ ಕೇಳಲು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ತಳಿಗಳ ಹೆಸರಿಡುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ತಳಿಯ ಹೆಸರನ್ನು ಅನುವಾದ ಮಾಡುವಂತಿಲ್ಲ, ಲಿಪಿ ಬದಲಿಸಿದರೆ ಅಡ್ಡಿಯಿಲ್ಲ. ಇದರಲ್ಲೂ ಒಂದು ತಮಾಷೆ ಇದೆ. ಎಲ್ಲರೂ ‘ಸ್ನೋಫ್ಲೇಕ್’ ಎನ್ನುವ ಗಿಡದ ನಿಜವಾದ ತಳಿ ಹೆಸರು ‘ಬ್ರಿಡೊ’. ಸ್ನೋಫ್ಲೇಕ್ ಮಾರಾಟದ ಹೆಸರು.

ನಿಜವಾದ ತೊಡಕು ಈ ಸ್ನೋಫ್ಲೇಕ್‌ನಲ್ಲೇ ಇದೆ. ಇಂಗ್ಲಿಷಿನಲ್ಲಿ ಇದನ್ನು ‘ಡಬಲ್’ ಹೂ ಅನ್ನುತ್ತಾರೆ, ಅಂದರೆ ಒಂದಕ್ಕಿಂತ ಹೆಚ್ಚು ಸುತ್ತು ಎಸಳಿರುವ ಹೂ. ‘ಜೋಡಿ ಹೂ’, ‘ದ್ವಿದಳ ಪುಷ್ಪ’ ಅಂತೆಲ್ಲ ಬರೆದದ್ದನ್ನು ನೋಡಿದ್ದೇನೆ. ಎರಡೂ ಹಾದಿ ತಪ್ಪಿಸುತ್ತವೆ. ಜೋಡಿ ಅಂದರೆ ಎರಡು ಹೂ ಅಂಟಿಕೊಂಡಿವೆ ಅನ್ನಿಸುತ್ತದೆ. ದ್ವಿದಳ ಅಂದರೆ ಬೇಳೆಕಾಳು ನೆನಪಾಗುತ್ತದೆ, ಅಲ್ವಾ? ನಮ್ಮಲ್ಲಿ ‘ಸುತ್ತು ಮಲ್ಲಿಗೆ’, ‘ಏಳು ಸುತ್ತಿನ ಮಲ್ಲಿಗೆ’ ಅನ್ನುವ ಮಾತು ಇರುವಾಗ ‘ಸುತ್ತು ಹೂ’ ಸಾಕಲ್ಲ ಅಂತ ನನಗೆ ಹೊಳೆಯಿತು.

ಆದರೆ ಅನುಮಾನ ಇಲ್ಲದಿಲ್ಲ. ಮಲ್ಲಿಗೆಯ ಸುತ್ತುಗಳು ಒಂದೇ ಮೊಗ್ಗಿನೊಳಗೆ ಮಡಚಿಕೊಂಡಿದ್ದು ಒಟ್ಟಿಗೆ ಬಿಚ್ಚುತ್ತವೆ. ಸ್ನೋಫ್ಲೇಕ್‌ನದು ಬೇರೆ ರೀತಿ. ಮೊದಲ ಸುತ್ತು ಅರಳಿ ಹಳತಾಗುತ್ತಿದ್ದಂತೆ ಅದರ ಮೇಲೆ ಇನ್ನೊಂದು ಸುತ್ತು ಹೊಸದಾಗಿ ಬಿಚ್ಚುತ್ತದೆ, ಆಮೇಲೆ ಮತ್ತೊಂದು. ಹೀಗೆ ವಾರಗಟ್ಟಲೆ ನಡೆಯುತ್ತದೆ. ಆದ್ದರಿಂದ ಒಂದೇ ಹೂವಿನಲ್ಲಿ ಕೆಳಗಿನ ಸುತ್ತು ನಸುಗೆಂಪು, ಮೇಲಿನದು ಬಿಳಿ, ನಡುವೆ ಹಸಿರು ಛಾಯೆ. ಇದಕ್ಕೆ ‘ಮೇಲುಸುತ್ತಿನ ಹೂ’ ಅಂದರೆ ಹೊಂದುತ್ತದೆಯೇ? ‘ಪದರ ಹೂ’ ಅನ್ನಬಹುದು, ಆದರೆ ಪದರ ಅಂದಾಗ ಬೆಳೆಯುತ್ತಾ ಹೋಗುವ ಭಾವ ಬರುವುದಿಲ್ಲ.

ಇನ್ನೊಂದು ಗಂಟು ಇಲ್ಲೇ ಇದೆ. ಹೈಡ್ರೇಂಜಿಯದಲ್ಲಿ ಕಣ್ಣಿಗೆ ಎಸಳಿನಂತೆ ಕಾಣುವುದು ಶಾಸ್ತ್ರದ ಪ್ರಕಾರ ಹೂದಳ ಅಲ್ಲ, ಪುಷ್ಪಪತ್ರ. ಬೇರೆ ಹೂಗಳಲ್ಲಿ ಮೊಗ್ಗನ್ನು ಹೊರಗಿನಿಂದ ಮುಚ್ಚುವ ಹಸಿರು ಭಾಗವೇ ಇಲ್ಲಿ ಬಿಳಿಯಾಗಿ ಅಗಲವಾಗಿದೆ. ಬೀಜ ಕಟ್ಟುವ ನಿಜವಾದ ಹೂಗಳು ಪುಟ್ಟವು, ಇವುಗಳ ಸಂದಿಯಲ್ಲಿ ಅಡಗಿರುತ್ತವೆ. ಪ್ರತಿ ಸಾಲಿನಲ್ಲೂ ‘ಪುಷ್ಪಪತ್ರ’ ಅಂತ ಬರೆದರೆ ಓದುವವರು ಓಡಿಹೋಗುತ್ತಾರೆ. ನಾನು ಒಮ್ಮೆ ವಿವರಿಸಿ, ಮುಂದೆ ‘ಎಸಳು’ ಅಂತಲೇ ಬರೆಯುತ್ತೇನೆ. ಕನ್ನಡದ ಎಸಳು ಬರೀ ಹೂದಳಕ್ಕೆ ಕಟ್ಟುಬಿದ್ದ ಪದ ಅಲ್ಲ. ಬೆಳ್ಳುಳ್ಳಿಗೂ ಎಸಳು ಇದೆ, ಕರಿಬೇವಿಗೂ ಇದೆ.

ಎತ್ತರದ ವಿಷಯಕ್ಕೆ ‘ಕುಬ್ಜ’ ಬೇಡ, ‘ಗಿಡ್ಡ ತಳಿ’ ಸಾಕು. ಆದರೂ ಯಾವುದರ ಮುಂದೆ ಗಿಡ್ಡ ಅಂತ ಹೇಳಲೇಬೇಕು. ಆಲಿಸ್ ಹನ್ನೆರಡು ಅಡಿಯವರೆಗೂ ಹೋಗುವ ಗಿಡ. ಅಮೆರಿಕದ ರಾಷ್ಟ್ರೀಯ ಸಸ್ಯೋದ್ಯಾನ 2010ರಲ್ಲಿ ಬಿಡುಗಡೆ ಮಾಡಿದ ‘ರೂಬಿ ಸ್ಲಿಪ್ಪರ್ಸ್’ ಸುಮಾರು ಮೂರೂವರೆ ಅಡಿ ಎತ್ತರ, ಐದಡಿ ಅಗಲ. ಜೊತೆಗೆ ಬಂದ ‘ಮಂಚ್‌ಕಿನ್’ ಇನ್ನೂ ಸ್ವಲ್ಪ ಕಮ್ಮಿ. ಇವೆರಡನ್ನು ‘ಗಿಡ್ಡ’ ಅನ್ನುವುದಕ್ಕಿಂತ ‘ಹರಡು ಪೊದೆ’ ಅಂದರೇ ಆಕಾರ ಕಣ್ಣಿಗೆ ಕಟ್ಟುತ್ತದೆ.

ಕೊನೆಯದು ಬಣ್ಣದ ಕ್ರಿಯಾಪದ. ಈ ಹೂಗಳು ಬಿಳಿಯಾಗಿ ಅರಳಿ ನಿಧಾನವಾಗಿ ಕೆಂಪಿಗೆ ತಿರುಗುತ್ತವೆ. ರೂಬಿ ಸ್ಲಿಪ್ಪರ್ಸ್‌ನಲ್ಲಿ ಇದು ಬೇಗ, ಬಣ್ಣವೂ ಗಾಢ. ‘ಬಾಡಿ ಕೆಂಪಾಗುತ್ತದೆ’ ಅಂತ ಬರೆದರೆ ಸರಿಯಾಗುವುದಿಲ್ಲ, ಯಾಕೆಂದರೆ ಎಸಳು ಜೋತುಬೀಳುವುದಿಲ್ಲ, ಗಟ್ಟಿಯಾಗಿಯೇ ಇರುತ್ತದೆ. ಹಣ್ಣಿಗೆ ಹೇಳುವ ‘ಮಾಗು’ ಇಲ್ಲಿ ಸಲ್ಲುತ್ತದೆ ಅನ್ನಿಸುತ್ತದೆ: ‘ಹೂ ಮಾಗಿ ಕೆಂಪಾಗುತ್ತದೆ’. ಎಲೆಗೆ ಮಾತ್ರ ಏನು ಮಾಡುವುದೋ ಗೊತ್ತಾಗುತ್ತಿಲ್ಲ. ಶರತ್ಕಾಲದಲ್ಲಿ ಇದರ ಎಲೆ ಕಡುಗೆಂಪು, ನೇರಳೆ ಆಗಿ ಬಹಳ ದಿನ ಗಿಡದಲ್ಲೇ ನಿಲ್ಲುತ್ತದೆ. ‘ಹಣ್ಣೆಲೆ’ ಅಂದರೆ ನಮ್ಮ ಕಿವಿಗೆ ಹಳದಿಯಾಗಿ ಇನ್ನೇನು ಉದುರುವ ಎಲೆ. ‘ಕೆಂಪೇರಿದ ಎಲೆ’ ಬಿಟ್ಟು ಇದಕ್ಕೆ ಒಂದೇ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ?