ಪದಚರ್ಚೆ: ಬುರ್ಗೋನ್‌ನ 'ಕ್ಲಿಮಾ'ಗೆ ಕನ್ನಡದಲ್ಲಿ ಏನನ್ನೋಣ? ತಾಕು? ಮಜಲು? ಹೊಲ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಫ್ರೆಂಚಿನ 'ಕ್ಲಿಮಾ'. ಬರೆಯುವಾಗ ಕೊನೆಗೆ ಒಂದು ತ ಇದೆ, ಉಚ್ಚಾರದಲ್ಲಿ ಅದು ಬರುವುದಿಲ್ಲ. ಫ್ರಾನ್ಸಿನ ಉಳಿದ ಕಡೆ ಇದಕ್ಕೆ ಹವಾಮಾನ ಅಂತಲೇ ಅರ್ಥ. ಆದರೆ ಬುರ್ಗೋನ್ ಸೀಮೆಯ ವೈನ್ ಊರುಗಳಲ್ಲಿ ಬೇರೆಯದೇ ಅರ್ಥ ಇದೆ, ನನಗೆ ಬೇಕಿರುವುದು ಅದಕ್ಕೆ ಒಪ್ಪುವ ಕನ್ನಡ.

ಸಂದರ್ಭ ಇಷ್ಟು. ಬರುವ ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಡಿಜೋನ್‌ನಿಂದ ದಕ್ಷಿಣಕ್ಕೆ ಸಾಂತ್ನೇ ಊರಿನವರೆಗೆ ಕಾರಿನಲ್ಲಿ ಹೋಗುವ ಆಲೋಚನೆ. 'ರೂತ್ ದೆ ಗ್ರಾಂ ಕ್ರೂ' (ಗ್ರಾಂ ಕ್ರೂ ಅಂದರೆ ಅತಿ ಮೇಲಿನ ದರ್ಜೆಯ ವೈನ್ ನೆಲ) ಅಂತ 1937ರಲ್ಲಿ ಗುರುತು ಮಾಡಿದ ದಾರಿ, ಸುಮಾರು 60 ಕಿಲೋಮೀಟರ್. ಒಂದೇ ಉಸಿರಿಗೆ ಹೋದರೆ ಮಧ್ಯಾಹ್ನದ ಊಟದೊಳಗೆ ಮುಗಿದುಹೋಗುತ್ತದೆ. ನಮಗೆ ಅದು ಬೇಡ. ದೊಡ್ಡ ರಸ್ತೆ ಬಿಟ್ಟು ತೋಟಗಳ ನಡುವಿನ ಸಣ್ಣ ರಸ್ತೆ ಹಿಡಿದು, ಕಂಡಲ್ಲಿ ನಿಲ್ಲಿಸಿ, ಗೋಡೆ ಪಕ್ಕ ಸ್ವಲ್ಪ ನಡೆದು, ಸಂಜೆ ಹತ್ತಿರದ ಊರಲ್ಲೇ ತಂಗುವುದು. ಅವರಿಬ್ಬರೂ ವೈನ್ ಕುಡಿಯುವವರಲ್ಲ. ಆದರೆ ಅಪ್ಪ ಸರ್ವೆ ಇಲಾಖೆಯಲ್ಲಿದ್ದವರು, ಅಮ್ಮ ಪುತ್ತೂರು ಕಡೆಯ ಬೇಸಾಯದ ಮನೆಯವರು. ನೆಲ ಅಂದರೆ ಇಬ್ಬರಿಗೂ ಆಸಕ್ತಿ. ಅದಕ್ಕೇ ಪ್ರವಾಸದ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಮೊದಲ ಪುಟದಲ್ಲೇ ಈ ಪದ ಎದುರಾಯಿತು.

ಕ್ಲಿಮಾ ಅಂದರೆ ಒಂದು ತುಂಡು ದ್ರಾಕ್ಷಿ ನೆಲ. ಅದಕ್ಕೆ ಗಡಿ ಇದೆ, ನೂರಾರು ವರ್ಷಗಳ ಹೆಸರಿದೆ, ಅಲ್ಲಿಯ ವೈನಿಗೆ ತನ್ನದೇ ರುಚಿ ಇದೆ ಅನ್ನುವ ಖ್ಯಾತಿಯೂ ಇದೆ. ಈ ಮೂರೂ ಸೇರಿದರೆ ಕ್ಲಿಮಾ. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇಂಥವು 1,247 ಅಂತ ಲೆಕ್ಕ ಕೊಟ್ಟಿದ್ದರು. ಇದನ್ನು ಹವಾಮಾನ ಅಂತ ಅನುವಾದ ಮಾಡಿದರೆ 'ಪರಂಪರೆಯ ಪಟ್ಟಿಗೆ ಸೇರಿದ ಹವಾಮಾನಗಳು' ಅಂತಾಗುತ್ತದೆ, ಓದಿದವರಿಗೆ ಏನೂ ತಿಳಿಯುವುದಿಲ್ಲ. ಮೂಲದಲ್ಲಿ ಇದು ಗ್ರೀಕ್ ಪದ, ಇಳಿಜಾರು ಅಂತ ಅರ್ಥ. ಬುರ್ಗೋನ್‌ಗೆ ಆ ಹಳೆಯ ಅರ್ಥವೇ ಹೆಚ್ಚು ಒಪ್ಪುತ್ತದೆ, ಯಾಕೆಂದರೆ ಅಲ್ಲಿ ಎಲ್ಲವೂ ಇಳಿಜಾರಿನ ಮೇಲೆ ನಿಂತಿದೆ.

ಹೆಸರುಗಳನ್ನು ನೋಡಿ. ಮರ್ಸೋ ಊರಿನಲ್ಲಿ 'ಪೆರಿಯೇರ್' ಅಂತ ಒಂದು ಇದೆ, ಕಲ್ಲುಗಣಿ ಇದ್ದ ಜಾಗ. ಅದೇ ಊರಿನ 'ಜೆನೆವ್ರಿಯೇರ್' ಜುನಿಪರ್ ಪೊದೆಗಳಿಂದ ಬಂದ ಹೆಸರು. ನಮ್ಮಲ್ಲಿ ಹುಣಸೇಮರದ ಹೊಲ, ಕಲ್ಲುಕ್ವಾರಿ ಹೊಲ, ಕೆರೆ ಕೆಳಗಿನ ಗದ್ದೆ ಅನ್ನುವುದಿಲ್ಲವೇ, ಅದೇ ರೀತಿ. ಒಂದೇ ವ್ಯತ್ಯಾಸ: ನಮ್ಮ ಹೊಲದ ಹೆಸರು ಮನೆಯವರಿಗೂ ಅಕ್ಕಪಕ್ಕದವರಿಗೂ ಗೊತ್ತು, ಅಲ್ಲಿಯದು ಬಾಟಲಿಯ ಚೀಟಿಯ ಮೇಲೆ ಬಂದು ಕೂತಿದೆ. ಎಷ್ಟರಮಟ್ಟಿಗೆ ಅಂದರೆ ಜೆವ್ರೇ ಅನ್ನುವ ಊರು 1847ರಲ್ಲಿ ತನ್ನ ಅತಿ ಪ್ರಸಿದ್ಧ ಕ್ಲಿಮಾದ ಹೆಸರನ್ನು ತನ್ನ ಹೆಸರಿಗೇ ಜೋಡಿಸಿಕೊಂಡು ಜೆವ್ರೇ-ಶಾಂಬೆರ್ತಾಂ ಆಯಿತು. ಬೇರೆ ಊರುಗಳೂ ಹೀಗೇ ಮಾಡಿದವು. ಹಾಗಾಗಿ ಚೀಟಿಯ ಮೇಲೆ ಬರೀ 'ಶಾಂಬೆರ್ತಾಂ' ಅಂತಿದ್ದರೆ ಅದು ಆ ಒಂದು ಕ್ಲಿಮಾದ ವೈನ್, ಅತಿ ಮೇಲಿನ ದರ್ಜೆ. 'ಜೆವ್ರೇ-ಶಾಂಬೆರ್ತಾಂ' ಅಂತಿದ್ದರೆ ಊರ ದರ್ಜೆಯದು, ಬೆಲೆ ತುಂಬಾ ಕಡಿಮೆ. ಕೊಳ್ಳಲು ಹೋಗುವವರು ಇದನ್ನು ತಿಳಿದಿರಬೇಕು.

ಈಗ ನನ್ನ ಮುಂದಿರುವ ಕನ್ನಡ ಪದಗಳು.

'ತೋಟ' ಅನ್ನಬಹುದಿತ್ತು. ಆದರೆ ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ತೋಟ ನೋಡಿದವರಿಗೆ ಮನಸ್ಸಿಗೆ ಬರುವುದು ತಲೆ ಮೇಲಿನ ಚಪ್ಪರ, ಅದರ ನೆರಳು. ಬುರ್ಗೋನ್‌ನಲ್ಲಿ ಬಳ್ಳಿ ಸೊಂಟದ ಎತ್ತರಕ್ಕಿಂತ ಹೆಚ್ಚು ಇರುವುದಿಲ್ಲ ಅನ್ನಬಹುದು, ತಂತಿಗೆ ಕಟ್ಟಿದ ಸಾಲು, ಒಂದು ಹೆಕ್ಟೇರಿಗೆ ಹತ್ತು ಸಾವಿರದವರೆಗೂ ಬಳ್ಳಿ. ನೋಟಕ್ಕೆ ಹೊಲವೇ. ಮೇಲಾಗಿ ಒಂದು ಕ್ಲಿಮಾದಲ್ಲಿ ಹಲವರ ತೋಟ ಇರಬಹುದು. ವೂಜೋ ಊರಿನ 'ಕ್ಲೋ ದ ವೂಜೋ' ನೋಡಿ. ಸಿಸ್ಟರ್ಸಿಯನ್ ಸನ್ಯಾಸಿಗಳು ಬೆಳೆಸಿದ ತೋಟ, ಸುತ್ತ ಕಲ್ಲಿನ ಗೋಡೆ, ಒಳಗೆ ಸುಮಾರು 50 ಹೆಕ್ಟೇರ್. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡು ಮಾರಿತು, ಆಮೇಲೆ ಮಾರಾಟದಲ್ಲೂ ಪಾಲಿನಲ್ಲೂ ಒಡೆಯುತ್ತಾ ಬಂದು ಇವತ್ತು ಸುಮಾರು 80 ಮಂದಿ ಮಾಲೀಕರಿದ್ದಾರೆ. ಅಪ್ಪನಿಗೆ ಹೇಳಿದೆ. ಅವರ ಮೊದಲ ಪ್ರಶ್ನೆ, 'ಪೋಡಿ ಆಗಿದೆಯಾ?' ಆಗಿದೆ, ಒಬ್ಬೊಬ್ಬರಿಗೆ ಕೆಲವು ಸಾಲು. ಆದರೂ ಕ್ಲಿಮಾ ಒಂದೇ, ಹೆಸರು ಒಂದೇ. ಅದಕ್ಕೇ 'ಹಿಸ್ಸಾ' ಕೂಡ ಇಲ್ಲಿ ಒಪ್ಪುವುದಿಲ್ಲ, ಅದು ಮಾಲೀಕನ ಪಾಲು, ಇದು ನೆಲದ ಗುರುತು.

ಅಮ್ಮನಿಗೆ ಇಳಿಜಾರಿನ ವಿಷಯ ವಿವರಿಸಿದಾಗ ತಕ್ಷಣ ಹೇಳಿದ್ದು ಬೈಲು, ಮಜಲು, ಬೆಟ್ಟು. ಕರಾವಳಿಯವರಿಗೆ ಇದು ಗೊತ್ತೇ ಇದೆ. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು, ನಡುವಿನದು ಮಜಲು, ಮೇಲೆ ಮಳೆಯನ್ನೇ ನಂಬಿದ್ದು ಬೆಟ್ಟು. ಬುರ್ಗೋನ್‌ನ ದರ್ಜೆಗಳಿಗೆ ಇದು ಆಶ್ಚರ್ಯ ಆಗುವಷ್ಟು ಹತ್ತಿರ ಬರುತ್ತದೆ. ಗುಡ್ಡದ ನೆತ್ತಿಯಲ್ಲಿ ಕಾಡು, ಅದರ ಕೆಳಗೆ ಮಣ್ಣು ತೆಳು. ನಡು ಇಳಿಜಾರಿನಲ್ಲಿ ಸುಣ್ಣಕಲ್ಲು ಮತ್ತು ಜೇಡಿ ಹದವಾಗಿ ಸೇರಿದ ನೆಲ, ಪೂರ್ವದ ಬಿಸಿಲು, ನೀರು ನಿಲ್ಲದೆ ಬಸಿದು ಹೋಗುತ್ತದೆ, ಗ್ರಾಂ ಕ್ರೂ ಹೆಚ್ಚಾಗಿ ಅಲ್ಲೇ. ಇನ್ನೂ ಕೆಳಗೆ ಮಣ್ಣು ದಪ್ಪ, ತೇವ ಜಾಸ್ತಿ, ಅಲ್ಲಿ ಊರ ದರ್ಜೆ. ದೊಡ್ಡ ರಸ್ತೆ ದಾಟಿ ಆಚೆಯ ಸಪಾಟು ನೆಲಕ್ಕೆ ಹೋದರೆ ಬಹುಮಟ್ಟಿಗೆ ಸೀಮೆಯ ಹೆಸರಷ್ಟೇ ಹೊತ್ತ ಸಾಮಾನ್ಯ 'ಬುರ್ಗೋನ್' ವೈನ್. ಭತ್ತಕ್ಕೆ ತಗ್ಗು ಮೇಲು, ವೈನ್ ದ್ರಾಕ್ಷಿಗೆ ನಡು ಮೇಲು. ಆದರೆ ನೆಲವನ್ನು ಇಳಿಜಾರಿನ ಪ್ರಕಾರ ಹೆಸರಿಟ್ಟು ಬೆಲೆ ಕಟ್ಟುವ ಕ್ರಮ ಒಂದೇ. ಕಾರು ನಿಲ್ಲಿಸಿ ಒಂದು ಕಾಲುದಾರಿಯಲ್ಲಿ ಕೆಳಗಿನಿಂದ ಮೇಲಕ್ಕೆ ನಡೆದರೆ ಕಾಲಡಿಯ ಮಣ್ಣೇ ಬದಲಾಗುವುದನ್ನು ನೋಡಬಹುದು. ನಿಧಾನವಾಗಿ ಹೋಗಬೇಕು ಅನ್ನುವುದೂ ಇದಕ್ಕೇ.

ಹಾಗಾದರೆ 'ಮಜಲು' ಅನ್ನಬಹುದಾ? ತೊಂದರೆ ಏನೆಂದರೆ ಕರಾವಳಿ ಬಿಟ್ಟರೆ ಉಳಿದ ಕನ್ನಡದಲ್ಲಿ ಮಜಲು ಅಂದರೆ ಪ್ರಯಾಣದ ಹಂತ. ಪ್ರವಾಸದ ಟಿಪ್ಪಣಿಯಲ್ಲಿ 'ಮೂರನೇ ಮಜಲು' ಅಂತ ಬರೆದರೆ ಓದುವವರು ಅಲ್ಲಿ ತಂಗುತ್ತೇವೆ ಅಂದುಕೊಳ್ಳುತ್ತಾರೆ. ಸಾಲದ್ದಕ್ಕೆ ಮಜಲು ಒಂದು ಬಗೆಯ ನೆಲ, ಕ್ಲಿಮಾ ಒಂದೊಂದು ನಿರ್ದಿಷ್ಟ ತುಂಡು.

ಸದ್ಯಕ್ಕೆ ನನ್ನ ಒಲವು 'ತಾಕು' ಕಡೆಗೆ. ಕೃಷಿ ಇಲಾಖೆಯವರು 'ಪ್ರಾತ್ಯಕ್ಷಿಕೆ ತಾಕು' ಅನ್ನುತ್ತಾರೆ, ರೈತರಿಗೂ ಗೊತ್ತಿರುವ ಪದ, ಸಣ್ಣದು, ಬಾಯಿಗೆ ಹಿಡಿಯುತ್ತದೆ. 'ಶಾಂಬೆರ್ತಾಂ ತಾಕು', 'ಪೆರಿಯೇರ್ ತಾಕು', ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ತಾಕಿನಲ್ಲಿ ಅಳತೆ ಮತ್ತು ಗಡಿ ಬರುತ್ತದೆ, ಖ್ಯಾತಿ ಬರುವುದಿಲ್ಲ. 'ಹೆಸರುವಾಸಿ ತಾಕು' ಅಂದರೆ ಉದ್ದ ಆಯಿತು.

ಜೊತೆಗೆ ಇನ್ನೊಂದು ಸಣ್ಣದು. ಕಾರು ಓಡಿಸುವವನು ನಾನು. ಫ್ರಾನ್ಸಿನಲ್ಲಿ ಮಿತಿ ಒಂದು ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯಸಾರ, ಅದರ ಹತ್ತಿರಕ್ಕೂ ಹೋಗುವ ಮನಸ್ಸಿಲ್ಲ. ನೆಲಮಾಳಿಗೆಗಳಲ್ಲಿ ರುಚಿ ನೋಡಿ ಉಗುಳಲು ಒಂದು ಪಾತ್ರೆ ಇಟ್ಟಿರುತ್ತಾರೆ, ಹಾಗೆ ಉಗುಳುವುದು ಅಲ್ಲಿ ಮರ್ಯಾದೆಯ ಕ್ರಮವೇ. ಅದಕ್ಕೆ 'ಪೀಕದಾನಿ' ಅಂದರೆ ಎಲೆಅಡಿಕೆ ನೆನಪಾಗುತ್ತದೆ. ಹಳಗನ್ನಡದ 'ಪಡಿಗ' ಇದೆ, ನನಗೆ ಅದು ಇಷ್ಟ. ಇವತ್ತಿಗೂ ಯಾರಾದರೂ ಬಳಸುತ್ತಾರಾ?

ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಒಂದೇ ಊರಿನಲ್ಲಿ 'ಆ ಹೊಲದ ಹಣ್ಣೇ ಬೇರೆ' ಅಂತ ಹೆಸರಾದ ತುಂಡು ಇದ್ದರೆ, ಅದನ್ನು ನಿಮ್ಮ ಮಾತಿನಲ್ಲಿ ಏನಂತ ಕರೆಯುತ್ತೀರಿ? ಪ್ಲಾಟ್ ಅಂತಲೇ ಅನ್ನುತ್ತೀರಾ, ಪಟ್ಟಿ ಅನ್ನುತ್ತೀರಾ, ಬೇರೆ ಏನಾದರೂ ಇದೆಯಾ? ಮಲೆನಾಡಿನ ಅಡಿಕೆ, ಕಾಫಿ ತೋಟದವರೂ ಹೇಳಬಹುದು. ಒಪ್ಪುವ ಪದ ಸಿಕ್ಕರೆ ಟಿಪ್ಪಣಿಯಲ್ಲಿ ಅದನ್ನೇ ಹಾಕುತ್ತೇನೆ, ಇಲ್ಲದಿದ್ದರೆ ತಾಕು.